ಹಲವು ಡಿಸ್ಕ್‌ಗಳ ಒಂದು ಕಣಜ

ಸಿನಿಮಾ, ಹಾಡು, ಮದುವೆಯ ವಿಡಿಯೊ, ಮಕ್ಕಳ ಫೋಟೊ ಎಲ್ಲವನ್ನೂ ಮನೆಯದೇ ಒಂದು ಸರ್ವರ್‌ನಲ್ಲಿ ಕೂಡಿಡುವವರಿಗೆ ಇಂದಲ್ಲ ನಾಳೆ ಒಂದು ಹಾರ್ಡ್ ಡಿಸ್ಕ್ ಸಾಲದಾಗುತ್ತದೆ. ಎರಡನೆಯದು ಬರುತ್ತದೆ, ಆಮೇಲೆ ಮೂರನೆಯದು. ಯಾವ ಫೈಲ್ ಯಾವ ಡಿಸ್ಕ್‌ನಲ್ಲಿದೆ ಎಂದು ತಲೆಕೆಡಿಸಿಕೊಳ್ಳದೆ ಎಲ್ಲವನ್ನೂ ಒಂದೇ ಕಣಜದಂತೆ ನೋಡುವುದು ಹೇಗೆ, ಅದರಲ್ಲೊಂದು ಡಿಸ್ಕ್ ಕೆಟ್ಟರೆ ಕಳೆದುಕೊಳ್ಳುವುದು ಎಷ್ಟು ಎಂಬ ಎರಡು ಪ್ರಶ್ನೆಗಳು ಆಗಲೇ ಏಳುತ್ತವೆ. ಇವಕ್ಕೆ ಸಿಕ್ಕ ಉತ್ತರಗಳ ಚರಿತ್ರೆ ಸುಮಾರು ನಾಲ್ಕು ದಶಕಗಳದು. ಅದನ್ನು ಕ್ರಮವಾಗಿ ನೋಡಿದರೆ ನನಗೆ ಒಂದು ಮಾತು ಸ್ಪಷ್ಟವಾಗುತ್ತದೆ: ದೊಡ್ಡ ಕಂಪ್ಯೂಟರ್ ಕೇಂದ್ರಗಳಿಗಾಗಿ ಹುಟ್ಟಿದ ಉಪಾಯ ಮನೆಗೆ ಹಾಗೆಯೇ ಬಂದಾಗ ಒಗ್ಗಲಿಲ್ಲ. ಒಗ್ಗಿದ್ದು, ಪ್ರತಿಯೊಂದು ಡಿಸ್ಕೂ ಉಳಿದವುಗಳ ಹಂಗಿಲ್ಲದೆ ತಾನೇ ಓದಲು ಬರುವಂಥ ಏರ್ಪಾಡು.

ಮೂಲ ಉಪಾಯಕ್ಕೆ ಹೆಸರು ಕೊಟ್ಟದ್ದು 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ಥ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಬರೆದ ರೇಡ್ ಪ್ರಬಂಧ. ಐಬಿಎಂನ ಮೇನ್‌ಫ್ರೇಮ್‌ಗೆ ಜೋಡಿಸುವ 7.5 ಜಿಬಿಯ ದುಬಾರಿ ಡಿಸ್ಕ್‌ನ ಎದುರಿಗೆ ಅವರು ಕಾನರ್ ಕಂಪನಿಯ 100 ಎಂಬಿಯ ಪುಟ್ಟ ಡಿಸ್ಕ್‌ಗಳ ಗುಂಪನ್ನು ಇಟ್ಟು ತೂಗಿದರು. ಗುಂಪು ಅಗ್ಗ, ವೇಗವೂ ಹೆಚ್ಚು. ಆದರೆ ಒಂದು ಡಿಸ್ಕ್ ಸರಾಸರಿ 30,000 ಗಂಟೆ ಬಾಳುವುದಾದರೆ, ನೂರು ಡಿಸ್ಕ್‌ಗಳ ಗುಂಪಿನಲ್ಲಿ ಯಾವುದಾದರೂ ಒಂದು 300 ಗಂಟೆಗೇ, ಎಂದರೆ ಎರಡು ವಾರದೊಳಗೇ ಕೆಡುತ್ತದೆ ಎಂಬ ಲೆಕ್ಕವೂ ಆ ಪ್ರಬಂಧದಲ್ಲೇ ಇದೆ. ಅದಕ್ಕೆ ಪರಿಹಾರ ಪ್ಯಾರಿಟಿ. ಮೂರು ಡಿಸ್ಕ್‌ಗಳ ಒಂದೇ ಸ್ಥಾನದಲ್ಲಿ 1, 0, 1 ಇವೆ ಎನ್ನಿ. 1ಗಳ ಸಂಖ್ಯೆ ಸಮವಾಗಿರುವುದರಿಂದ ನಾಲ್ಕನೆಯ ಡಿಸ್ಕ್‌ನಲ್ಲಿ 0 ಬರೆಯುತ್ತಾರೆ. ಮೂರನೆಯ ಡಿಸ್ಕ್ ಸತ್ತರೆ ಉಳಿಯುವುದು 1, 0 ಮತ್ತು ಪ್ಯಾರಿಟಿಯ 0. ಒಟ್ಟು ಸಮವಾಗಬೇಕಾದರೆ ಹೋದದ್ದು 1 ಆಗಿರಲೇಬೇಕು. ಇಷ್ಟೇ ಸರಳವಾದ ಈ ಗಣಿತವನ್ನು ಬಳಸಿ ಕೆಟ್ಟ ಡಿಸ್ಕ್‌ನ ಮಾಹಿತಿ ಹಿಂದಕ್ಕೆ ಪಡೆಯುವ ವಿಧಾನಕ್ಕೆ ಐಬಿಎಂನ ನಾರ್ಮನ್ ಕೆನ್ ಔಚಿ 1978ರಲ್ಲೇ ಪೇಟೆಂಟ್ ಪಡೆದಿದ್ದರು. ಬರ್ಕ್ಲಿಯವರು ಚದುರಿದ್ದ ಇಂಥ ವಿಧಾನಗಳನ್ನು ಐದು ಹಂತಗಳಾಗಿ ವಿಂಗಡಿಸಿ, ಲೆಕ್ಕವಿಟ್ಟು ವಾದಿಸಿದರು.

ಆ ಹಂತಗಳಲ್ಲಿ ಹೆಚ್ಚು ಬಳಕೆಗೆ ಬಂದ ಐದನೆಯದು ಒಂದೊಂದು ಫೈಲನ್ನೂ ಚೂರು ಮಾಡಿ ಎಲ್ಲ ಡಿಸ್ಕ್‌ಗಳಿಗೂ ಹಂಚುತ್ತದೆ. ಬ್ಯಾಂಕಿಗೆ ಇದು ಹೇಳಿಮಾಡಿಸಿದ್ದು: ಸಾವಿರಾರು ಜನ ಒಟ್ಟಿಗೆ ಕೇಳುವ ಮಾಹಿತಿ, ಕ್ಷಣವೂ ನಿಲ್ಲಬಾರದ ಕೆಲಸ, ಕೆಟ್ಟ ಡಿಸ್ಕನ್ನು ಕೂಡಲೇ ಬದಲಿಸುವ ಸಿಬ್ಬಂದಿ, ಬೇರೆಡೆ ಟೇಪ್‌ನಲ್ಲಿ ಬ್ಯಾಕಪ್. ಮನೆಯಲ್ಲಿ ಇವೊಂದೂ ಇಲ್ಲ. ಅಲ್ಲಿ ಫೈಲನ್ನು ಬರೆಯುವುದು ಒಮ್ಮೆ, ಓದುವುದು ಹಲವು ಸಲ, ಅದೂ ಒಬ್ಬರೋ ಇಬ್ಬರೋ. ಬ್ಲೂರೇ ಸಿನಿಮಾವೊಂದಕ್ಕೆ ಸೆಕೆಂಡಿಗೆ 7 ಎಂಬಿಯೂ ಬೇಡ; ಇಂದಿನ ಸಾಧಾರಣ ಡಿಸ್ಕ್ ಒಂದೇ 100 ಎಂಬಿಗಿಂತ ಹೆಚ್ಚು ಕೊಡುತ್ತದೆ. ಬೇಕಿಲ್ಲದ ಆ ವೇಗಕ್ಕೆ ತೆರುವ ಬೆಲೆ ಮಾತ್ರ ದೊಡ್ಡದು. ಒಂದು ಸಿನಿಮಾ ನೋಡಲು ಎಲ್ಲ ಡಿಸ್ಕ್‌ಗಳೂ ತಿರುಗಬೇಕು. ಬೇರೆ ಬೇರೆ ಗಾತ್ರದ ಡಿಸ್ಕ್‌ಗಳಿದ್ದರೆ ಪ್ರತಿಯೊಂದರಲ್ಲೂ ಅತಿ ಚಿಕ್ಕದರಷ್ಟು ಜಾಗ ಮಾತ್ರ ಉಪಯೋಗಕ್ಕೆ. ಒಂದು ಕೆಟ್ಟು, ಅದನ್ನು ಬದಲಿಸುವಷ್ಟರಲ್ಲಿ ಇನ್ನೊಂದೂ ಕೆಟ್ಟರೆ ಎರಡು ಡಿಸ್ಕ್‌ನ ಮಾಹಿತಿಯಷ್ಟೇ ಅಲ್ಲ, ಎಲ್ಲವೂ ಹೋಯಿತು.

ಮನೆಯ ಅಗತ್ಯವೇ ಬೇರೆ ಎಂದು ಗುರುತಿಸಿದ ಪ್ರಯತ್ನಗಳು ಈ ಶತಮಾನದ ಮೊದಲ ದಶಕದವು. 2005ರಲ್ಲಿ ಬಂದ ಅನ್‌ರೇಡ್ ಎಂಬ ತಂತ್ರಾಂಶ ಪ್ಯಾರಿಟಿಯನ್ನು ಪ್ರತ್ಯೇಕ ಡಿಸ್ಕ್‌ನಲ್ಲಿಟ್ಟು, ಉಳಿದ ಪ್ರತಿ ಡಿಸ್ಕ್‌ನಲ್ಲೂ ಫೈಲ್‌ಗಳನ್ನು ಇಡಿಯಾಗಿ ಉಳಿಸಿತು. 2007ರ ವಿಂಡೋಸ್ ಹೋಮ್ ಸರ್ವರ್‌ನ ಡ್ರೈವ್ ಎಕ್ಸ್‌ಟೆಂಡರ್ ಗಾತ್ರಭೇದವಿಲ್ಲದೆ ಡಿಸ್ಕ್‌ಗಳನ್ನು ಕೂಡಿಸುತ್ತಿತ್ತು, ಬೇಕಾದ ಫೋಲ್ಡರ್‌ಗೆ ಎರಡು ಡಿಸ್ಕ್‌ಗಳಲ್ಲಿ ಪ್ರತಿ ಇಡುತ್ತಿತ್ತು. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿದರೆ ಫೈಲ್‌ಗಳು ತೆರೆದುಕೊಳ್ಳುತ್ತಿದ್ದವು. ಫೈಲ್‌ಗಳನ್ನು ಸರ್ವರ್‌ನಲ್ಲೇ ತಿದ್ದಿದಾಗ ಕೆಲವು ಹಾಳಾಗುವ ದೋಷ ಮೊದಲ ವರ್ಷವೇ ಕಂಡಿತು. 2008ರ ಪವರ್ ಪ್ಯಾಕ್ 1 ಅದನ್ನು ಸರಿಪಡಿಸಿತು. ಮುಂದಿನ ಆವೃತ್ತಿಗಾಗಿ ಮೈಕ್ರೋಸಾಫ್ಟ್ ಡ್ರೈವ್ ಎಕ್ಸ್‌ಟೆಂಡರನ್ನು ಚೂರು ಮಾಡಿ ಹಂಚುವ ಪದ್ಧತಿಗೆ ಒಯ್ದಿತು, ಡಿಸ್ಕ್ ಒಂಟಿಯಾಗಿ ಓದಲು ಬರುವ ಗುಣ ಅಲ್ಲಿಗೆ ಹೋಯಿತು. 2010ರ ನವೆಂಬರ್‌ನಲ್ಲಿ ಆ ಸೌಲಭ್ಯವನ್ನೇ ಕೈಬಿಟ್ಟಿತು. ದೊಡ್ಡ ಡಿಸ್ಕ್‌ಗಳು ಈಗ ಅಗ್ಗವಾಗಿವೆ ಎಂಬುದು ಕೊಟ್ಟ ಕಾರಣಗಳಲ್ಲಿ ಒಂದು. ಮನೆಯವರಿಗೆ ಬೇಕಾದ್ದನ್ನು ಸರಿಯಾಗಿ ಊಹಿಸಿದ ಕಂಪನಿಯೇ ಅದನ್ನು ಬಿಟ್ಟುಕೊಟ್ಟದ್ದು ಈ ಚರಿತ್ರೆಯ ದೊಡ್ಡ ನಷ್ಟ ಎಂದೇ ನನ್ನ ಎಣಿಕೆ. 2007ರಲ್ಲೇ ಮಾರುಕಟ್ಟೆಗೆ ಬಂದ, ಹಲವು ಡಿಸ್ಕ್ ಕೂಡಿಸುವ ಡ್ರೋಬೊ ಪೆಟ್ಟಿಗೆ ಇನ್ನೊಂದು ಪಾಠ. ಬಳಸಲು ಅದರಷ್ಟು ಸುಲಭವಾದದ್ದು ಆಗ ಇರಲಿಲ್ಲ. ಆದರೆ ಒಳಗಿನ ವಿನ್ಯಾಸ ಕಂಪನಿಯದೇ ಸ್ವತ್ತು. ಮಾತೃಸಂಸ್ಥೆ ಸ್ಟೋರ್‌ಸೆಂಟ್ರಿಕ್ 2022ರಲ್ಲಿ ದಿವಾಳಿ ಅರ್ಜಿ ಹಾಕಿತು. ಪೆಟ್ಟಿಗೆ ಕೆಟ್ಟವರ ಡಿಸ್ಕ್‌ಗಳು ಗಟ್ಟಿಯಾಗಿದ್ದರೂ ಸಾಧಾರಣ ಕಂಪ್ಯೂಟರ್‌ಗೆ ಅವು ಓದಲು ಬರುವುದಿಲ್ಲ.

ಪ್ರತಿ ಡಿಸ್ಕೂ ಒಂಟಿಯಾಗಿ ಓದಲು ಬರಬೇಕೆಂಬ ಮಾತಿಗೆ ಎದುರಾಗಿ ಬರುವ ಗಟ್ಟಿ ವಾದ, ಫೈಲನ್ನು ಚೂರು ಮಾಡಿ ಹಂಚುವ ಝಡ್‌ಎಫ್‌ಎಸ್‌ನದು. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಜೆಫ್ ಬಾನ್ವಿಕ್ ಮತ್ತು ಮ್ಯಾಥ್ಯೂ ಆರೆನ್ಸ್ ಕಟ್ಟಿ 2005ರಲ್ಲಿ ಹೊರಬಂದ ಈ ವ್ಯವಸ್ಥೆ ಪ್ರತಿ ಬ್ಲಾಕಿಗೂ ಚೆಕ್‌ಸಮ್ ಎಂಬ ತಾಳೆ ಸಂಖ್ಯೆ ಇಟ್ಟು, ಸದ್ದಿಲ್ಲದೆ ಕೆಡುವ ಮಾಹಿತಿಯನ್ನು ಹಿಡಿಯುತ್ತದೆ. ಬರೆಯುತ್ತಿರುವಾಗ ಕರೆಂಟ್ ಹೋದರೂ ಹಳೆಯ ಪ್ರತಿ ಕೆಡುವುದಿಲ್ಲ. ಮಳೆಗಾಲದಲ್ಲಿ ದಿನಕ್ಕೆ ಹಲವು ಸಲ ಕರೆಂಟ್ ಕೈಕೊಡುವ ನಮ್ಮ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಈ ಎರಡು ಗುಣಗಳನ್ನು ಒಪ್ಪಲೇಬೇಕು. ಆದರೆ ಮನೆಯವರು ಡಿಸ್ಕ್ ಕೊಳ್ಳುವುದು ಕೈಯಲ್ಲಿ ದುಡ್ಡಿದ್ದಾಗ ಒಂದೊಂದಾಗಿ. ಅದರ ಪ್ಯಾರಿಟಿ ಗುಂಪಿಗೆ ಒಂದೇ ಡಿಸ್ಕ್ ಸೇರಿಸುವ ಅನುಕೂಲ ಬಂದದ್ದು 2025ರ ಜನವರಿಯ ಓಪನ್‌ಝಡ್‌ಎಫ್‌ಎಸ್ 2.3ರಲ್ಲಿ, ಇಪ್ಪತ್ತು ವರ್ಷದ ಹತ್ತಿರ ಕಳೆದ ಮೇಲೆ. ಚೆಕ್‌ಸಮ್‌ಗಾಗಿ ಫೈಲನ್ನು ಚೂರು ಮಾಡಲೇಬೇಕೆಂದೂ ಇಲ್ಲ. ಸ್ನ್ಯಾಪ್‌ರೇಡ್ ಎಂಬ ತಂತ್ರಾಂಶ ಫೈಲ್‌ಗಳನ್ನು ಇಡಿಯಾಗಿಟ್ಟುಕೊಂಡೇ ಅವುಗಳ ಚೆಕ್‌ಸಮ್ ಕಾಯುತ್ತದೆ. ಅದು ಪ್ಯಾರಿಟಿ ಬರೆಯುವುದು ನಾವು ಹೇಳಿದಾಗ ಮಾತ್ರ, ಆದ್ದರಿಂದ ನಡುವೆ ಸೇರಿದ ಫೈಲ್‌ಗಳಿಗೆ ರಕ್ಷಣೆ ಇಲ್ಲ. ದಿನವೂ ಬದಲಾಗುವ ಲೆಕ್ಕಪತ್ರಕ್ಕೆ ಇದು ಆಗದು. ಒಮ್ಮೆ ಇಟ್ಟು ಮುಟ್ಟದ ಸಿನಿಮಾಗಳಿಗೆ ಧಾರಾಳವಾಗಿ ಆಗುತ್ತದೆ.

ಎರಡು ಡಿಸ್ಕ್ ಒಟ್ಟೊಟ್ಟಿಗೆ ಕೆಡುವುದು ಎಲ್ಲೋ ಅಪರೂಪ ಎಂಬ ಮಾತೂ ಇದೆ. ಅದಕ್ಕೆ ಉತ್ತರ ಕೊಟ್ಟವರಲ್ಲಿ ರೇಡ್ ಪ್ರಬಂಧದ ಅದೇ ಗಿಬ್ಸನ್ ಒಬ್ಬರು. ಬಿಯಾಂಕಾ ಶ್ರೋಡರ್ ಜೊತೆ 2007ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ವರ್ಷಕ್ಕೆ ಬದಲಿಸಬೇಕಾಗಿ ಬಂದ ಡಿಸ್ಕ್‌ಗಳು ಸಾಮಾನ್ಯವಾಗಿ ಶೇ 2ರಿಂದ 4, ಕೆಲವೆಡೆ ಶೇ 13ರವರೆಗೆ. ತಯಾರಕರ ಅಂಕಿಗಳ ಪ್ರಕಾರ ಅದು ಶೇ 1ರೊಳಗೇ ಇರಬೇಕಿತ್ತು. ಡಿಸ್ಕ್‌ಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಕೆಡುತ್ತವೆ ಎಂಬ ನಂಬಿಕೆಯನ್ನೂ ಆ ಅಂಕಿಅಂಶ ಸಮರ್ಥಿಸಲಿಲ್ಲ. ಹಾಗಿರುವಾಗ, ಕೆಟ್ಟದ್ದಷ್ಟೇ ಹೋಗಿ ಉಳಿದದ್ದು ಉಳಿಯುವ ಏರ್ಪಾಡೇ ಮನೆಗೆ ಮೇಲು. ಕೈತಪ್ಪಿ ಅಳಿಸಿದ್ದನ್ನು, ಸಿಡಿಲಿಗೆ ಸುಟ್ಟದ್ದನ್ನು ಇದೂ ತಂದುಕೊಡುವುದಿಲ್ಲ, ರೇಡೂ ತಂದುಕೊಡುವುದಿಲ್ಲ. ಸಿನಿಮಾ ಇನ್ನೊಮ್ಮೆ ಸಿಕ್ಕೀತು, ತೀರಿಹೋದ ಅಜ್ಜಿಯ ದನಿ ಸಿಗದು. ಅಂಥವುಗಳ ಒಂದು ಪ್ರತಿ ಬೇರೆ ಮನೆಯಲ್ಲಿರಲಿ. ನಿಮ್ಮ ಸರ್ವರ್‌ಗೆ ಮುಂದಿನ ಡಿಸ್ಕ್ ಕೊಳ್ಳುವ ಮೊದಲು ಸರ್ವರನ್ನು ಆಫ್ ಮಾಡಿ, ಈಗಿರುವ ಡಿಸ್ಕ್‌ಗಳಲ್ಲಿ ಒಂದನ್ನು ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಜೋಡಿಸಿ ಫೈಲ್‌ಗಳು ತೆರೆಯುತ್ತವೆಯೇ ನೋಡಿ. ತೆರೆಯದಿದ್ದರೆ ಆ ಹಣವನ್ನು ಮೊದಲು ಬ್ಯಾಕಪ್‌ಗೆ ಹಾಕಿ.