ಬಾಣಂತಿಯ ಹೊರಸು

ಕಳೆದ ಬೇಸಗೆಯ ರಜೆಯಲ್ಲಿ ದೇವದುರ್ಗ ತಾಲ್ಲೂಕಿನ ನಮ್ಮೂರು ಜಾಲಹಳ್ಳಿಗೆ ಹೋದಾಗ ಅಕ್ಕನ ಮನೆಯಲ್ಲಿ ಒಂದು ಸಣ್ಣ ವ್ಯಾಜ್ಯ ನಡೆದಿತ್ತು. ಚೊಚ್ಚಲು ಬಾಣಂತನಕ್ಕೆ ಬಂದಿದ್ದ ಮಗಳಿಗೆ, ದಿನವೂ ತುಸು ಅಡ್ಡಾಡಬೇಕು, ಕಿಬ್ಬೊಟ್ಟೆಯ ಕೆಳಗಿನ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಅಭ್ಯಾಸ ಮಾಡಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿ ಕಳುಹಿಸಿದ್ದರು. ಅಕ್ಕನಿಗೆ ಇದು ಸುತರಾಂ ಸಮ್ಮತವಿರಲಿಲ್ಲ. "ಹಸೀ ಮೈ ಅದ. ಈಗ ಎದ್ದು ತಿರುಗಿದ್ರ ಮುಂದ ನಡಾ ಹಿಡೀತದ" ಎಂದಳು. "ಮಾಮಾ, ನೀವಾರೆ ಹೇಳ್ರಿ" ಎಂದು ಹುಡುಗಿ ನನ್ನ ಕಡೆ ನೋಡಿದಳು. ಕನ್ನಡ ಪಾಠ ಹೇಳುವವನಿಗೆ ವೈದ್ಯವೆಲ್ಲಿ ಬರಬೇಕು? ಈ ಜಗಳದ ಹಿಂದಿನ ಚರಿತ್ರೆಯನ್ನಾದರೂ ನೋಡೋಣವೆಂದು ಪುಸ್ತಕ ತೆರೆದೆ.

ನಮ್ಮ ಕಡೆಯ ಬಾಣಂತಿಯ ಕೋಣೆಯನ್ನು ಬಲ್ಲವರೇ ಬಲ್ಲರು. ಮುಚ್ಚಿದ ಕಿಟಕಿ, ಹೊರಸಿನ ಕೆಳಗೆ ಕೆಂಡ, ಲೋಬಾನದ ಹೊಗೆ, ಕಿವಿಗೆ ಬಿಗಿದ ಬಟ್ಟೆ, ಎಣ್ಣೆ-ನೀರು, ಅಂಟಿನ ಉಂಡೆ. ಇದೆಲ್ಲವೂ ಬರಿಯ ಮೌಢ್ಯವಲ್ಲ. ಬಾಣಂತಿಗೆ ಮೈ ತಿಕ್ಕಿ ಹೊಟ್ಟೆಗೆ ಬಟ್ಟೆ ಸುತ್ತಬೇಕೆಂದು ಚರಕಸಂಹಿತೆಯ ಶಾರೀರಸ್ಥಾನದಲ್ಲಿಯೇ ಇದೆ. 2007ರಲ್ಲಿ ನಮ್ಮ ಸರ್ಕಾರ ಆರಂಭಿಸಿದ ಮಡಿಲು ಯೋಜನೆಯ ಚೀಲದಲ್ಲಿಯೂ ಹೊಟ್ಟೆಗೆ ಕಟ್ಟುವ ಬಟ್ಟೆಯೊಂದಿತ್ತು.

ಮುಚ್ಚಿದ ಕೋಣೆ ನಮ್ಮದೊಂದೇ ಸೊತ್ತೂ ಅಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ವೈಟ್ 1773ರಲ್ಲಿ ಬರೆದ ಗ್ರಂಥದಲ್ಲಿ ತನ್ನ ನಾಡಿನ ಬಾಣಂತಿಯರ ಬೆಂಕಿ, ಸೆಕೆ, ಹೊದಿಕೆಗಳನ್ನು ಖಂಡಿಸಿದ್ದಾನೆ. ಗಾಳಿ ಆಡಲಿ, ಬಾಣಂತಿ ಬೇಗ ಎದ್ದು ಕೂಡಲಿ, ಹಾಸಿಗೆಯಿಂದ ಇಳಿಯಲಿ ಎಂಬುದು ಅವನ ಮತ. ಆ ಮಾತು ಊರೂರಿಗೆ ಮುಟ್ಟಲು ಒಂದೂವರೆ ಶತಮಾನಕ್ಕೂ ಮಿಗಿಲಾಗಿ ಹಿಡಿಯಿತು. 1940ರ ದಶಕದಲ್ಲಿ, ಮಹಾಯುದ್ಧದ ಕಾಲಕ್ಕೆ, ಆಸ್ಪತ್ರೆಗಳಲ್ಲಿ ಹಾಸಿಗೆಗಳು ಸಾಲದೆ ಬಾಣಂತಿಯರನ್ನು ಬೇಗ ಎಬ್ಬಿಸಬೇಕಾಯಿತು. ಎದ್ದವರಿಗೆ ಕೇಡೇನೂ ಆಗಲಿಲ್ಲ. ಅಲುಗದೆ ಮಲಗಿದರೆ ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯವುಂಟು. 1948ರಲ್ಲಿ ಅಮೆರಿಕದ ಆರ್ನಾಲ್ಡ್ ಕೆಗೆಲ್, ಹೆರಿಗೆಯಿಂದ ಸಡಿಲವಾದ ಸ್ನಾಯುಗಳನ್ನು ಬಿಗಿಗೊಳಿಸುವ ಅಭ್ಯಾಸವನ್ನು ವಿವರಿಸಿದ. ನಮ್ಮ ಹುಡುಗಿಗೆ ಹೇಳಿದ್ದು ಇದನ್ನೇ.

ಹಾಗಾದರೆ ಅಕ್ಕನ ಮಾತು ಸುಳ್ಳೆ? ಪೂರ್ತಿ ಸುಳ್ಳಲ್ಲ. ತುಂಬಿದ ಮನೆಯ ಸೊಸೆಗೆ ಬೀಸುವ, ಕುಟ್ಟುವ ಕೆಲಸದಿಂದ ಸಿಕ್ಕ ರಜೆಯೆಂದರೆ ಬಾಣಂತನವೊಂದೇ. ನಮ್ಮ ಹೊಲಗಳಲ್ಲಿ ಹತ್ತಿ ಬಿಡಿಸುವ ಕೂಲಿಯವಳಿಗೆ ಆ ರಜೆಯೂ ಇರಲಿಲ್ಲ. ಹೆತ್ತ ಕೆಲವೇ ದಿನಗಳಲ್ಲಿ ಅವಳ ತಲೆಯ ಮೇಲೆ ಕೊಡ ಏರುತ್ತಿತ್ತು. ಇದನ್ನು ವ್ಯಾಯಾಮವೆನ್ನಬಾರದು, ಸ್ನಾಯು ಬಲಿಯುವ ಮೊದಲೇ ಭಾರ ಹೊತ್ತರೆ ಗರ್ಭಕೋಶ ಜಾರಬಹುದು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾಣಂತಿಯರಿಗೆ ವಾರಕ್ಕೆ 150 ನಿಮಿಷಗಳ ಮಿತವಾದ ಚಟುವಟಿಕೆ ಹೇಳಿದೆಯಾದರೂ, ಕ್ರಮಕ್ರಮವಾಗಿ ಏರಿಸಬೇಕೆಂದೂ ಹೇಳಿದೆ. ಹೊಟ್ಟೆ ಕೊಯ್ದು ಹೆರಿಗೆಯಾದವರಂತೂ ವೈದ್ಯರನ್ನು ಕೇಳಿಯೇ ತೊಡಗಬೇಕು.

ಇದನ್ನೆಲ್ಲ ಅಕ್ಕನಿಗೆ ಓದಿ ಹೇಳಿದೆ. ಎಣ್ಣೆ, ಉಂಡೆ, ಹೊಟ್ಟೆಯ ಬಟ್ಟೆ ಉಳಿದವು. ಹೊಗೆ ಹೋಯಿತು, ಕಿಟಕಿ ತೆರೆಯಿತು. ಅಂದು ಸಂಜೆ ಹುಡುಗಿ ಪಡಸಾಲೆಯಲ್ಲಿ ನಾಲ್ಕು ಸುತ್ತು ನಡೆದಳು. ಕೂಸನ್ನು ಎತ್ತಿಕೊಂಡು ಅಕ್ಕನೂ ಜೊತೆಗೆ ನಡೆದಳು, "ಸಾಕವ್ವಾ, ಇನ್ನ ಕೂಡು" ಎನ್ನುತ್ತಲೇ.