ಯಂತ್ರವೂ ತಡವರಿಸುವ ಚದುರಂಗದ ಒಗಟುಗಳು

‘ಎರಡು ನಡೆಯಲ್ಲಿ ಚೆಕ್‌ಮೇಟ್ ಮಾಡಿ’ ಎನ್ನುವ ಬಗೆಯ ಒಗಟನ್ನು ಇಂದು ಮೊಬೈಲ್ ಕೂಡ ಕ್ಷಣದಲ್ಲಿ ಬಿಡಿಸುತ್ತದೆ. ಆದರೂ ಕೆಲವು ಸ್ಥಿತಿಗಳ ಮುಂದೆ, ವಿಶ್ವ ಚಾಂಪಿಯನ್ನರನ್ನೇ ಸೋಲಿಸಬಲ್ಲ ಎಂಜಿನ್‌ಗಳು ತಪ್ಪು ಲೆಕ್ಕ ಒಪ್ಪಿಸಿವೆ. ಆಟಗಾರನ ದಾರಿ ತಪ್ಪಿಸುವುದು ಅವನ ರೂಢಿ. ಯಂತ್ರದ ದಾರಿ ತಪ್ಪಿಸುವುದು ಅದರ ಲೆಕ್ಕದ ವಿಧಾನ. ಹೀಗಾಗಿ ಎರಡನ್ನೂ ಒಟ್ಟಿಗೆ ಕೆಡವುವ ಒಗಟು ಅಪರೂಪ.

ಪಾದ್ರಿ ಕಂಡ ಗೆಲುವು

1895ರಲ್ಲಿ ಗ್ಲಾಸ್ಗೋದ ವಾರಪತ್ರಿಕೆಯೊಂದರ ಚದುರಂಗ ಅಂಕಣದಲ್ಲಿ ಜಾರ್ಜ್ ಬಾರ್ಬಿಯೆ ನಾಲ್ಕೇ ಕಾಯಿಗಳ ಒಂದು ಸ್ಥಿತಿ ಕೊಟ್ಟರು. ಇಂದು ಪರಿಚಿತವಾದ ಅದರ ರೂಪದಲ್ಲಿ ಬಿಳಿ ರಾಜ ಬಿ6, ಪದಾತಿ ಸಿ6. ಕಪ್ಪು ರಾಜ ಎ1, ಆನೆ ಡಿ5. ಇದು ಡ್ರಾ ಎಂದು ಅವರ ತೀರ್ಮಾನ. ಪದಾತಿ ಮುಂದೆ ಓಡುತ್ತದೆ, ಆನೆ ಚೆಕ್ ಕೊಡುತ್ತಾ ರಾಜನನ್ನು ಕೆಳಗೆ ಅಟ್ಟುತ್ತದೆ, ರಾಜ ಸಿ2ಕ್ಕೆ ಬಂದಾಗ ಆನೆ ಡಿ4ರಲ್ಲಿ ಹೊಂಚು ಹಾಕಿ ನಿಲ್ಲುತ್ತದೆ. ಪದಾತಿ ಸಿ8 ತಲುಪಿ ರಾಣಿಯಾದರೆ ಆನೆ ಸಿ4ಕ್ಕೆ ಬಂದು ಚೆಕ್ ಕೊಡುತ್ತದೆ. ರಾಣಿ ಅದನ್ನು ಹೊಡೆದರೆ ಕಪ್ಪು ರಾಜನಿಗೆ ನಡೆಯೇ ಉಳಿಯದೆ ಸ್ಟೇಲ್‌ಮೇಟ್.

ಆ ಊರಿನಲ್ಲಿದ್ದ ಸ್ಪೇನಿನ ಪಾದ್ರಿ ಫರ್ನಾಂಡೊ ಸಾವೆದ್ರಾ ಇದಕ್ಕೆ ಪರಿಹಾರ ಕಂಡರು: ಪದಾತಿಯನ್ನು ರಾಣಿ ಮಾಡಬೇಡಿ, ಆನೆ ಮಾಡಿ. ಈಗ ಎ8ರಿಂದ ಚೆಕ್‌ಮೇಟ್ ಬೆದರಿಕೆ. ಅದನ್ನು ತಡೆಯಲು ಕಪ್ಪು ಆನೆ ಎ4ಕ್ಕೆ ಬರಲೇಬೇಕು. ಆಗ ಬಿಳಿ ರಾಜ ಬಿ3ಕ್ಕೆ ಹೆಜ್ಜೆಯಿಟ್ಟರೆ ಆನೆಗೂ ಅಪಾಯ, ಸಿ1ರಲ್ಲಿ ಚೆಕ್‌ಮೇಟ್ ಕೂಡ ಸಿದ್ಧ. ಬಡ್ತಿ ಎಂದರೆ ರಾಣಿ ಎಂಬ ರೂಢಿಯೇ ಆಟಗಾರರ ಕಣ್ಣು ಕಟ್ಟಿತ್ತು. ರೂಢಿಯ ಹಂಗಿಲ್ಲದ ಯಂತ್ರಕ್ಕೆ ಇದು ಒಗಟೇ ಅಲ್ಲ.

ಕಟ್ಟಿಬಿದ್ದ ಸೈನ್ಯ

ಇದಕ್ಕೆ ತದ್ವಿರುದ್ಧವಾದುದು ಭೌತವಿಜ್ಞಾನಿ ರೋಜರ್ ಪೆನ್‌ರೋಸ್ ಹೆಸರಿನಲ್ಲಿ 2017ರಲ್ಲಿ ಸುದ್ದಿಯಾದ ಸ್ಥಿತಿ. ಬಿಳಿಯ ಬಳಿ ಇ2ರಲ್ಲಿ ರಾಜ, ಎ2, ಬಿ3, ಸಿ4, ಸಿ6ರಲ್ಲಿ ಪದಾತಿಗಳು, ಅಷ್ಟೇ. ಕಪ್ಪಿನ ರಾಜ ಎ6, ರಾಣಿ ಎ5, ಆನೆಗಳು ಎ4 ಮತ್ತು ಬಿ5, ಒಂಟೆಗಳು ಮೂರು (ಇ5, ಎಫ್4, ಜಿ3), ಪದಾತಿಗಳು ಎ7, ಬಿ6, ಸಿ5, ಬಿ4, ಎ3. ಮೂರನೆಯ ಒಂಟೆ ಎಲ್ಲಿಂದ ಬಂತೆಂದರೆ, ಪದಾತಿ ಬಡ್ತಿ ಪಡೆದದ್ದು ಎಂದುಕೊಳ್ಳಬೇಕು.

ಯಾವ ಎಂಜಿನ್ನೇ ಆದರೂ ಕಾಯಿ ಎಣಿಸಿ ಕಪ್ಪಿಗೆ ಭಾರೀ ಗೆಲುವು ಎನ್ನುತ್ತಿತ್ತು. ಆದರೆ ಹಲಗೆಯನ್ನು ಸಾವಧಾನವಾಗಿ ನೋಡಿ. ಕಪ್ಪು ರಾಣಿ, ಆನೆಗಳು ತಮ್ಮದೇ ಪದಾತಿಗಳ ನಡುವೆ ಸಿಕ್ಕಿಬಿದ್ದಿವೆ; ರಾಜನಿಗೆ ಉಳಿದಿರುವ ಬಿ7ರ ಮೇಲೆ ಸಿ6ರ ಪದಾತಿಯ ಕಾವಲಿದೆ. ಒಂಟೆಗಳಷ್ಟೇ ಅಲುಗಾಡಬಲ್ಲವು, ಮೂರೂ ಕಪ್ಪು ಮನೆಗಳಲ್ಲಿ. ಬಿಳಿಯ ನಾಲ್ಕೂ ಪದಾತಿಗಳಿರುವುದು ಬಿಳಿ ಮನೆಗಳಲ್ಲಿ. ರಾಜನೂ ಬಿಳಿ ಮನೆಗಳಲ್ಲೇ ಅಡ್ಡಾಡುತ್ತಿದ್ದರೆ ಅವನನ್ನು ಮುಟ್ಟುವವರಿಲ್ಲ. ಕಾಯಿ ಹೊಡೆಯದೆ, ಪದಾತಿ ನಡೆಸದೆ ಇಬ್ಬರೂ 50 ನಡೆ ಆಡಿದರೆ ಡ್ರಾ ಕೇಳಬಹುದೆಂಬುದು ನಿಯಮ. ಬಿಳಿ ಆಸೆಗೆ ಬಿದ್ದು ಎದುರಿಗಿರುವ ಆನೆಯನ್ನು ಹೊಡೆದರೆ ಮಾತ್ರ ಕೋಟೆ ಒಡೆದು ಒಳಗಿನ ಸೈನ್ಯ ಹೊರನುಗ್ಗುತ್ತದೆ.

ಇಂಥದ್ದೇ ಆಸೆಗೆ ಬಿದ್ದ ಯಂತ್ರವೂ ಇದೆ. ಪೆನ್‌ರೋಸ್ 1994ರ ತಮ್ಮ ‘ಶ್ಯಾಡೋಸ್ ಆಫ್ ದ ಮೈಂಡ್’ ಪುಸ್ತಕದಲ್ಲಿ ಹೇಳುವ ಇನ್ನೊಂದು ಸ್ಥಿತಿಯಲ್ಲಿ, ಆ ಕಾಲದ ಬಲಾಢ್ಯ ಕಂಪ್ಯೂಟರ್ ‘ಡೀಪ್ ಥಾಟ್’ ಪದಾತಿಯಿಂದ ಆನೆಯನ್ನು ಹೊಡೆದು ತನ್ನ ಕೋಟೆಯನ್ನೇ ಕೆಡವಿಕೊಂಡಿತು. ಮನುಷ್ಯನ ಅರಿವು ಲೆಕ್ಕಕ್ಕೆ ಸಿಗುವಂಥದ್ದಲ್ಲ ಎಂಬ ತಮ್ಮ ವಾದಕ್ಕೆ ಅವರು ಇದನ್ನು ಆಧಾರ ಮಾಡಿಕೊಂಡರು. ನನಗೆ ಅದು ತೀರಾ ದೂರದ ಜಿಗಿತವೆನಿಸುತ್ತದೆ. ಯಾರು ಗೆಲ್ಲುತ್ತಾರೆಂಬ ಅಂಕಿಯನ್ನು ತಪ್ಪು ಕೊಟ್ಟರೂ 2017ರ ಸ್ಥಿತಿಯಲ್ಲಿ ರಾಜನನ್ನೇ ಅತ್ತಿಂದಿತ್ತ ನಡೆಸಿದರೆ ಸಾಕು, ಎಂಜಿನ್‌ಗೂ ಡ್ರಾ ಸಿಗುತ್ತದೆ. ಅಂದಹಾಗೆ, ಚದುರಂಗ ಆ ಮನೆತನಕ್ಕೆ ಹೊಸದಲ್ಲ: ರೋಜರ್ ಅವರ ತಮ್ಮ ಜೊನಾಥನ್ ಪೆನ್‌ರೋಸ್ ಹತ್ತು ಬಾರಿ ಬ್ರಿಟಿಷ್ ಚಾಂಪಿಯನ್.

ಎಂಜಿನ್ ಎಡವುವುದು ಎಲ್ಲಿ

ಆಟದ ನಡುವಿನ ಸ್ಥಿತಿಯೊಂದರಲ್ಲಿ ಸಾಮಾನ್ಯವಾಗಿ ಮೂವತ್ತರ ಆಸುಪಾಸು ನಡೆಗಳಿರುತ್ತವೆ. ಪ್ರತಿಯೊಂದಕ್ಕೂ ಅಷ್ಟೇ ಉತ್ತರಗಳು. ಕವಲುಗಳು ಹೀಗೆ ಹಬ್ಬುವುದರಿಂದ ಎಂಜಿನ್ ಎಲ್ಲವನ್ನೂ ನೋಡಲಾರದು. ಕಾಯಿ ಸುಮ್ಮನೆ ಕಳೆದುಕೊಳ್ಳುವಂತೆ ಕಾಣುವ ಕವಲುಗಳನ್ನು ಮೊದಲೇ ಸವರಿಬಿಡುತ್ತದೆ. ಉತ್ತರ ಆ ಸವರಿದ ಕವಲಿನಲ್ಲೇ ಇದ್ದರೆ ಕಥೆ ಮುಗಿಯಿತು. ನೋಟದ ಗಡಿಯಾಚೆ ಕಾದಿರುವ ಅನಾಹುತ ಯಂತ್ರಕ್ಕೆ ಇಲ್ಲವೇ ಇಲ್ಲ ಎನಿಸುವುದಕ್ಕೆ ಹ್ಯಾನ್ಸ್ ಬರ್ಲಿನರ್ 1970ರ ದಶಕದಲ್ಲೇ ‘ಹೊರೈಜನ್ ಎಫೆಕ್ಟ್’ ಎಂದು ಹೆಸರಿಟ್ಟರು.

ಶಿರೋವ್ ಬಿಟ್ಟುಕೊಟ್ಟ ಒಂಟೆ

ಸವರಿದ ಕವಲಿಗೆ ಪ್ರಸಿದ್ಧ ನಿದರ್ಶನ 1998ರ ಲಿನಾರೆಸ್ ಟೂರ್ನಿಯ ತೊಪಲೊವ್–ಶಿರೋವ್ ಆಟ. ಕಪ್ಪು ಕಾಯಿ ಆಡುತ್ತಿದ್ದ ಅಲೆಕ್ಸಿ ಶಿರೋವ್ ಬಳಿ ಎರಡು ಪದಾತಿ ಹೆಚ್ಚಿದ್ದವು, ಆದರೆ ಇಬ್ಬರ ಒಂಟೆಗಳೂ ಬೇರೆ ಬೇರೆ ಬಣ್ಣದ ಮನೆಗಳಲ್ಲಿ. ಇಂಥ ಆಟಗಳು ಸಾಮಾನ್ಯವಾಗಿ ಡ್ರಾ ಕಡೆಗೆ ವಾಲುತ್ತವೆ. 47ನೇ ನಡೆಯಲ್ಲಿ ಶಿರೋವ್ ಎಫ್5ರ ಒಂಟೆಯನ್ನು ಎಚ್3ಕ್ಕೆ ತಂದು ಜಿ2ರ ಪದಾತಿಯ ಬಾಯಿಗೆ ಇಟ್ಟರು. ಅವರಿಗೆ ಬೇಕಿದ್ದದ್ದು ಎಫ್5 ಖಾಲಿಯಾಗುವುದು, ಅದೂ ಎದುರಾಳಿಗೆ ಒಂದು ನಡೆಯ ಬಿಡುವು ಕೊಡದೆ. ಒಂಟೆ ಬೇರೆಲ್ಲಿಗೆ ಸರಿದರೂ ಬಿಳಿ ರಾಜ ಇ3 ಸೇರಿ ದಾರಿ ಮುಚ್ಚುತ್ತಿದ್ದ. ಕಪ್ಪು ರಾಜ ಎಫ್5, ಇ4 ದಾಟಿ ಒಳನುಗ್ಗಿದ, 53ನೇ ನಡೆಯ ಹೊತ್ತಿಗೆ ಆಟ ಮುಗಿಯಿತು. ಅಂದಿನ ಎಂಜಿನ್‌ಗಳಿಗೆ ಈ ನಡೆ ಹೊಳೆಯಲಿಲ್ಲ. ಎಂಜಿನ್‌ಗಳ ಬಲ ಅಳೆಯಲು ಆ ಸ್ಥಿತಿಯನ್ನು ಬಹುಕಾಲ ಬಳಸಿದರು.

ತಾಲ್ ಬಿಡಿಸಿದ ಒಗಟು

ಮನುಷ್ಯ, ಯಂತ್ರ ಇಬ್ಬರಿಗೂ ಕಷ್ಟ ಕೊಟ್ಟದ್ದು ಡಚ್ ರಚನಕಾರ ಖೈಸ್ ಫಾನ್ ಬ್ರೂಕೆಲನ್ ಹೆಣೆದ ಸ್ಥಿತಿ. ಬ್ರಿಟಿಷ್ ಗ್ರ್ಯಾಂಡ್‌ಮಾಸ್ಟರ್ ಜಿಮ್ ಪ್ಲಾಸ್ಕೆಟ್ 1987ರಲ್ಲಿ ಬ್ರಸೆಲ್ಸ್ ಟೂರ್ನಿಯಲ್ಲಿ ಅದನ್ನು ಘಟಾನುಘಟಿಗಳ ಮುಂದಿಟ್ಟರು. ಬಿಡಿಸಿದವರು ಮಾಜಿ ವಿಶ್ವ ಚಾಂಪಿಯನ್ ಮಿಖಾಯಿಲ್ ತಾಲ್ ಒಬ್ಬರೇ, ಅದೂ ಪಾರ್ಕಿನಲ್ಲಿ ಒಂದು ಸುತ್ತು ಅಡ್ಡಾಡಿ ಬಂದ ಮೇಲೆ. ಪದಾತಿ ಕುದುರೆಯಾಗುವುದು, ಬಲಿಯ ಮೇಲೆ ಬಲಿ, ರಾಜನ ಬೇಟೆ, ಎಲ್ಲವೂ ಇದರಲ್ಲಿವೆ. 2022ರ ಒಂದು ಅಧ್ಯಯನದಲ್ಲಿ ಸ್ಟಾಕ್‌ಫಿಶ್ ಎಂಬ ಎಂಜಿನ್ ಇದನ್ನು ಬಿಡಿಸಿತು, ನರಜಾಲದ ಮೇಲೆ ನಿಂತ ಲೀಲಾ ಸೋತಿತು. ಒಳ್ಳೆಯ ನಡೆಯೆಂದು ತೋರಿದ ಕೆಲವನ್ನಷ್ಟೇ ಆಳವಾಗಿ ನೋಡುವುದು ಲೀಲಾದ ರೀತಿ. ಈ ಒಗಟಿನ ನಡೆಗಳು ಮೊದಲ ನೋಟಕ್ಕೆ ಒಳ್ಳೆಯವೆಂದು ತೋರುವುದೇ ಇಲ್ಲ.

ಪೂರ್ತಿ ಲೆಕ್ಕವಾದ ಭಾಗ

ಹಲಗೆಯ ಮೇಲೆ ರಾಜರೂ ಸೇರಿ ಏಳು ಅಥವಾ ಅದಕ್ಕಿಂತ ಕಡಿಮೆ ಕಾಯಿ ಉಳಿದಿದ್ದರೆ ಊಹೆಗೆ ಜಾಗವಿಲ್ಲ. ಅಂಥ ಸ್ಥಿತಿಗಳ ಫಲಿತಾಂಶವನ್ನು ‘ಟೇಬಲ್‌ಬೇಸ್’ ಎಂಬ ಕೋಷ್ಟಕಗಳಲ್ಲಿ ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಇಟ್ಟಿದ್ದಾರೆ. 2012ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರ್ ಸಿದ್ಧಪಡಿಸಿದ ಏಳು ಕಾಯಿಗಳ ಕೋಷ್ಟಕದಲ್ಲಿ 549 ನಡೆ ಬೇಕಾದ ಗೆಲುವೂ ಇದೆ. ಆ ನಡೆಗಳಲ್ಲಿ ಬಹುಪಾಲು ಗ್ರ್ಯಾಂಡ್‌ಮಾಸ್ಟರಿಗೂ ತಲೆಬುಡ ತಿಳಿಯದಂಥವು.

ಕುದುರೆಯೊಂದರ ಎದುರು ಎರಡು ಒಂಟೆಗಳ ಕಥೆಯೂ ಹೀಗೆಯೇ. 1851ರಲ್ಲಿ ಕ್ಲಿಂಗ್ ಮತ್ತು ಹಾರ್ವಿಟ್ಸ್ ತೋರಿಸಿಕೊಟ್ಟ ರಕ್ಷಣೆಯನ್ನು ನಂಬಿ ನೂರಕ್ಕೂ ಹೆಚ್ಚು ವರ್ಷ ಇದನ್ನು ಡ್ರಾ ಎಂದೇ ಪುಸ್ತಕಗಳು ಕಲಿಸಿದವು. 1983ರಲ್ಲಿ ಕೆನ್ ಥಾಂಪ್ಸನ್ ಅವರ ಕಂಪ್ಯೂಟರ್ ಲೆಕ್ಕ ಅದನ್ನು ಸುಳ್ಳಾಗಿಸಿತು: ಒಂಟೆಗಳೇ ಗೆಲ್ಲುತ್ತವೆ, ಕಠಿಣ ಸ್ಥಿತಿಗಳಲ್ಲಿ ಕುದುರೆ ಕೈಗೆ ಸಿಗಲು 66 ನಡೆ ಬೇಕು. ಮುಖಾಮುಖಿ ಟೂರ್ನಿಯಲ್ಲಿ 50 ನಡೆಯ ನಿಯಮ ಅಡ್ಡಬರುವುದರಿಂದ ಆ ಗೆಲುವು ಕೈಗೆಟುಕದು. ಅಂಚೆ ಚದುರಂಗದ ಅಂತರರಾಷ್ಟ್ರೀಯ ಒಕ್ಕೂಟ ಮಾತ್ರ ಕೋಷ್ಟಕ ತೋರಿಸಿ ಗೆಲುವು ಕೇಳಲು ಬಿಡುತ್ತದೆ, ಅಲ್ಲಿ 50 ನಡೆಯ ಗಡಿ ಎಣಿಕೆಗೆ ಬರುವುದಿಲ್ಲ.