ಕಲಬುರಗಿಯ ಮೊದಲ ಲೋಕಸಭಾ ಸದಸ್ಯರು

ಚುನಾವಣೆಗೆ ನಿಂತವರು ಮತದಾರರಿಗೆ ಏನನ್ನಾದರೂ ಕಟ್ಟಿಕೊಡುವೆವೆಂದು ಮಾತು ಕೊಡುವುದು ಲೋಕರೂಢಿ. ಕೆರೆ ಕಟ್ಟಿಸುವೆವು, ಶಾಲೆ ಕಟ್ಟಿಸುವೆವು, ಸಡಕು ಮಾಡಿಸುವೆವು ಎಂಬ ಮಾತುಗಳನ್ನು ನೀವೂ ಕೇಳಿದ್ದೀರಿ, ನಾವೂ ಕೇಳಿದ್ದೇವೆ. ಆದರೆ ಯಾವ ರಾಜ್ಯದ ಬಿಡುಗಡೆಗಾಗಿ ತಾವು ಮೇಲಿಂದ ಮೇಲೆ ಸೆರೆಮನೆ ಕಂಡರೋ ಆ ರಾಜ್ಯವೇ ಇನ್ನು ಒಂದಾಗಿ ಉಳಿಯಬೇಕಾಗಿಲ್ಲ ಎಂಬ ನಿಲುವನ್ನು ಹಿಡಿದು, ಅದನ್ನು ಕಡೆಯ ತನಕ ಬಿಡದೆ ಸಾಧಿಸಿದ ಸದಸ್ಯರು ವಿರಳ. ಅಂಥವರೊಬ್ಬರನ್ನು 1952ರಲ್ಲಿ ನಮ್ಮ ಕಲಬುರಗಿಯು ದಿಲ್ಲಿಗೆ ಕಳುಹಿಸಿತ್ತು. ಅವರೇ ಸ್ವಾಮಿ ರಾಮಾನಂದ ತೀರ್ಥರು. ಕಾವಿ ಉಟ್ಟ ಸಂನ್ಯಾಸಿಯೊಬ್ಬರು ನಮ್ಮ ಮೊದಲ ಲೋಕಸಭಾ ಸದಸ್ಯರಾಗಿದ್ದರೆಂಬುದನ್ನು ಇಂದು ಊರಿನಲ್ಲಿ ಬಲ್ಲವರು ಕಡಿಮೆ. ಬಲ್ಲವರೂ ಅವರನ್ನು ಹೈದರಾಬಾದು ವಿಮೋಚನೆಯ ನಾಯಕರೆಂದು ನೆನೆಯುತ್ತಾರೆಯೇ ಹೊರತು, ಸದಸ್ಯರಾಗಿ ಅವರು ಹಿಡಿದ ನಿಲುವನ್ನು ನೆನೆಯುವುದಿಲ್ಲ. ಆ ನಿಲುವನ್ನೇ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಸ್ವಾಮೀಜಿಯವರ ಪೂರ್ವಾಶ್ರಮದ ಹೆಸರು ವ್ಯಂಕಟೇಶ ಭಗವಾನರಾವ್ ಖೇಡಗೀಕರ. ಅವರು ಹುಟ್ಟಿದ್ದು 1903ರ ಅಕ್ಟೋಬರ್ 3ರಂದು, ಅಂದಿನ ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ. ಗಾಂಧೀಜಿಯವರ ಅಸಹಕಾರದ ಕರೆ ಬಂದಾಗ ಅವರು ಇನ್ನೂ ವಿದ್ಯಾರ್ಥಿ. ಸರಕಾರಿ ಶಾಲೆಯನ್ನು ಬಿಟ್ಟು ರಾಷ್ಟ್ರೀಯ ಶಿಕ್ಷಣದ ದಾರಿ ಹಿಡಿದರು. ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರ ಬಳಿ ಕೆಲಕಾಲ ದುಡಿದರು. ಮುಂದೆ ನಿಜಾಮ ಸೀಮೆಗೆ ಬಂದು ಉಸ್ಮಾನಾಬಾದು ಜಿಲ್ಲೆಯ ಹಿಪ್ಪರಗೆಯ ರಾಷ್ಟ್ರೀಯ ಶಾಲೆಯಲ್ಲಿ ಉಪಾಧ್ಯಾಯರಾದರು. 1932ರಲ್ಲಿ ಸಂನ್ಯಾಸ ಸ್ವೀಕರಿಸಿದರೂ ಪಾಠ ಹೇಳುವುದನ್ನು ಬಿಡಲಿಲ್ಲ. ಹಿಪ್ಪರಗೆಯ ನಂತರ ಅವರು ಕಲಿಸಿದ್ದು ಅಂಬಾಜೋಗಾಯಿಯಲ್ಲಿ. ನಿಜಾಮರ ಕಾಲದಲ್ಲಿ ಆ ಊರಿನ ಹೆಸರು ಮೋಮಿನಾಬಾದು. ಕಲಬುರಗಿಯ ಮೋಮಿನಪುರದ ವಾಚಕರಿಗೆ ಈ ಹೆಸರಿನ ಸಾಮ್ಯ ಸೋಜಿಗವೆನಿಸಬಹುದು. ನನ್ನಂಥ ಶಾಲಾ ಮಾಸ್ತರನಿಗಾದರೋ, ಒಂದು ಸೀಮೆಯ ಚರಿತ್ರೆಯನ್ನು ತಿರುಗಿಸಿದವರು ಕರಿಹಲಗೆಯ ಮುಂದೆ ನಿಂತವರಾಗಿದ್ದರು ಎಂಬುದೇ ಹೆಚ್ಚಿನ ಸೋಜಿಗ.

ಅಂದಿನ ಹೈದರಾಬಾದು ಸಂಸ್ಥಾನದ ಸ್ವರೂಪವನ್ನು ಸ್ವಲ್ಪ ಅರಿಯದೆ ಅವರ ನಿಲುವು ಅರ್ಥವಾಗದು. ಸಂಸ್ಥಾನದಲ್ಲಿ 16 ಜಿಲ್ಲೆಗಳು. ಎಂಟು ತೆಲುಗಿನವು, ಐದು ಮರಾಠಿಯವು, ಮೂರು ಕನ್ನಡದವು. ಈ ಮೂರೇ ಬೀದರ, ಕಲಬುರಗಿ ಮತ್ತು ರಾಯಚೂರು. ಕಲಬುರಗಿಯು ಒಂದು ಸುಭೆಯ ಮುಖ್ಯ ಸ್ಥಳವೂ ಆಗಿತ್ತು. ಜನ ಆಡುವ ಭಾಷೆ ಮೂರು. ಸರಕಾರ ಆಡುವ ಭಾಷೆ ನಾಲ್ಕನೆಯದು, ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉನ್ನತ ಶಿಕ್ಷಣವನ್ನು ದೇಶಭಾಷೆಯೊಂದರಲ್ಲಿ ಕೊಡಬಹುದೆಂದು ಇಂಡಿಯಾಕ್ಕೆಲ್ಲ ತೋರಿಸಿಕೊಟ್ಟಿತು. ಇದು ದೊಡ್ಡ ಸಾಧನೆಯೇ ಸರಿ. ಆದರೆ ಆ ದೇಶಭಾಷೆಯು ಸೇಡಂ, ಚಿಂಚೋಳಿ, ಶಹಾಪುರಗಳ ಒಕ್ಕಲಿಗನ ಭಾಷೆಯಾಗಿರಲಿಲ್ಲ. ತಹಸೀಲದಾರ, ಪಟವಾರಿ, ಗಿರ್ದಾವರ, ಅರ್ಜಿ, ದಸ್ತಾವೇಜು, ವಕೀಲ, ಅದಾಲತ್ತು ಎಂಬ ಮಾತುಗಳು ನಮ್ಮ ಸೀಮೆಯ ಕನ್ನಡದಲ್ಲಿ ಸಕ್ಕರೆಯಂತೆ ಕರಗಿಹೋಗಿವೆ. ಅವನ್ನು ಇಂದು ಪರಭಾಷೆಯವೆಂದು ಯಾರೂ ಎಣಿಸುವುದಿಲ್ಲ. ಮಾತು ಕರಗಿದಷ್ಟು ಸುಲಭವಾಗಿ ಕಾಗದ ಕರಗಲಿಲ್ಲ. ತನ್ನ ಹೊಲದ ಕಾಗದದಲ್ಲಿ ಏನು ಬರೆದಿದೆಯೆಂದು ತಿಳಿಯಲು ರೈತನು ಇನ್ನೊಬ್ಬರ ಮುಂದೆ ಕೈಕಟ್ಟಿ ನಿಲ್ಲಬೇಕಾಗಿತ್ತು.

ಆದರೂ ಕನ್ನಡದ ದೀಪ ಆರಿರಲಿಲ್ಲ. ನೃಪತುಂಗನ ರಾಜಧಾನಿಯಾದ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಇದೇ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿದೆ. 1928ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಕಲಬುರಗಿಯಲ್ಲಿ ನಡೆಯಿತು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ನಡೆಯಿತು. ನಿಜಾಮರ ಆಳಿಕೆಯಲ್ಲಿದ್ದ ಕನ್ನಡಿಗರು ಉಳಿದ ಕನ್ನಡಿಗರನ್ನು ಮನೆಗೆ ಕರೆದು ‘ನಾವೂ ಇದ್ದೇವೆ’ ಎಂದು ಹೇಳಿದ ಸಂದರ್ಭಗಳಿವು.

ಇನ್ನು ರಾಜಕಾರಣ. 1938ರಲ್ಲಿ ಹೈದರಾಬಾದು ಸ್ಟೇಟ್ ಕಾಂಗ್ರೆಸ್ಸು ವಿಧಿವತ್ತಾಗಿ ಕಣ್ಣು ತೆರೆಯುವ ಮೊದಲೇ ಸರಕಾರವು ಅದನ್ನು ನಿಷೇಧಿಸಿತು. ಆ ಅಕ್ಟೋಬರಿನಲ್ಲಿ ಸತ್ಯಾಗ್ರಹ ಆರಂಭವಾಯಿತು. ಸ್ವಾಮೀಜಿ ಸೆರೆಮನೆ ಸೇರಿದರು. 1940ರಲ್ಲಿ ವೈಯಕ್ತಿಕ ಸತ್ಯಾಗ್ರಹ, ಮತ್ತೆ ಸೆರೆಮನೆ. ನಿಷೇಧ ತೆಗೆದದ್ದು 1946ರಲ್ಲಿ. 1947ರ ಜೂನಿನಲ್ಲಿ ಮುಷೀರಾಬಾದಿನಲ್ಲಿ ನಡೆದ ಮೊದಲ ಬಹಿರಂಗ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. ನಿಜಾಮರು ಸ್ವತಂತ್ರವಾಗಿ ಉಳಿಯುವ ಮನಸ್ಸು ತೋರಿದಾಗ, ಭಾರತ ಒಕ್ಕೂಟವನ್ನು ಸೇರಬೇಕೆಂಬ ಬೇಡಿಕೆಯ ದಿನವನ್ನು ಆಗಸ್ಟ್ 7ರಂದು ಆಚರಿಸಲಾಯಿತು. ದೇಶವೆಲ್ಲ ಧ್ವಜ ಏರಿಸಿ ಹಬ್ಬ ಮಾಡಿದ ಆಗಸ್ಟ್ 15ರಂದು ಸ್ವಾಮೀಜಿಯವರಿಗೆ ದೊರೆತದ್ದು ಬಂಧನ.

ಮುಂದಿನ ಹದಿಮೂರು ತಿಂಗಳು ನಮ್ಮ ಹಿರಿಯರ ಪಾಲಿಗೆ ಭಯದ ಕಾಲ. ರಜಾಕಾರರ ಹಾವಳಿಯನ್ನು ಹಳ್ಳಿಹಳ್ಳಿ ನೆನೆಯುತ್ತದೆ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂದಿತು. 17ರಂದು ನಿಜಾಮರು ರೇಡಿಯೋದ ಮೂಲಕ ಕದನ ನಿಲ್ಲಿಸಿದ್ದನ್ನು ಸಾರಿದರು. ಆದರೆ ನೋವು ಅಂದಿಗೇ ಮುಗಿಯಲಿಲ್ಲ. ಆ ಬಳಿಕದ ವಾರಗಳಲ್ಲಿ ಮುಸಲ್ಮಾನ ಮನೆತನಗಳ ಮೇಲೆ ದೊಡ್ಡ ಪ್ರಮಾಣದ ಹಿಂಸೆ ನಡೆಯಿತು. ಪ್ರಧಾನಿ ನೆಹರೂ ಅವರು ಕಳುಹಿಸಿದ ಪಂಡಿತ ಸುಂದರಲಾಲ ಸಮಿತಿಯು 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದೆಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದು, ಕಲಬುರಗಿ, ಬೀದರ ಮತ್ತು ನಾಂದೇಡಗಳನ್ನು. ಆ ವರದಿ ಬಹುಕಾಲ ಬೆಳಕು ಕಾಣಲಿಲ್ಲ. ಎರಡೂ ಕಡೆಯ ಗಾಯ ಇನ್ನೂ ಹಸಿಯಾಗಿದ್ದಾಗಲೇ, ಮೂರೂವರೆ ವರ್ಷಗಳೊಳಗೆ, ಈ ಜಿಲ್ಲೆಯ ಜನ ವಯಸ್ಕ ಮತದಾನದ ಹಕ್ಕಿನಿಂದ ಮೊದಲ ಬಾರಿಗೆ ಮತ ಹಾಕಿದರು. ನೊಂದವರೂ ನೋಯಿಸಿದವರೂ ಒಂದೇ ಸಾಲಿನಲ್ಲಿ ನಿಂತು ಹಾಕಿದ ಮತವದು. ಸ್ವಾಮೀಜಿ ಕಲಬುರಗಿಯ ಸದಸ್ಯರಾದದ್ದು ಹೀಗೆ.

ಅವರ ಮುಂದಿದ್ದ ಪ್ರಶ್ನೆ ಇದು: ಹೈದರಾಬಾದು ರಾಜ್ಯವು ಇದ್ದ ಹಾಗೆ ಉಳಿಯಬೇಕೆ, ಇಲ್ಲವೆ ಭಾಷೆಗನುಗುಣವಾಗಿ ಮೂರು ಪಾಲಾಗಿ ನೆರೆಯ ನಾಡುಗಳನ್ನು ಸೇರಬೇಕೆ?

ಉಳಿಯಬೇಕೆನ್ನುವವರ ವಾದವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಸ್ವತಃ ನೆಹರೂ ಅವರು ಬಹುಕಾಲ ವಿಭಜನೆಗೆ ಒಲಿಯಲಿಲ್ಲ. ಉತ್ತರ ದಕ್ಷಿಣಗಳು, ಹಿಂದೂ ಮುಸ್ಲಿಂ ನಡೆನುಡಿಗಳು ಬೆರೆತ ಸಂಸ್ಕೃತಿಯೊಂದು ಅಲ್ಲಿ ಬೆಳೆದಿದೆ, ಅದನ್ನು ಒಡೆಯಬಾರದು ಎಂಬುದು ಅವರ ಭಾವನೆ. ಖ್ವಾಜಾ ಬಂದೇ ನವಾಜರ ದರ್ಗಾಕ್ಕೂ ಶರಣಬಸವೇಶ್ವರರ ಗುಡಿಗೂ ಒಂದೇ ಮನಸ್ಸಿನಿಂದ ನಡೆದುಕೊಳ್ಳುವ ನಮ್ಮ ಊರಿನವರಿಗೆ ಆ ಮಾತಿನ ಸತ್ಯವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಹೈದರಾಬಾದು ನಗರದ ಮೇಲೆ ಉದ್ಯೋಗ, ವಿದ್ಯೆ, ವ್ಯಾಪಾರಗಳಿಗಾಗಿ ಅವಲಂಬಿಸಿದವರ ಅಳುಕು ಬೇರೆ. ಇನ್ನೊಂದು ಕಡೆ ಹಳೆಯ ಮೈಸೂರಿನಲ್ಲಿಯೂ, ಈ ಬಡ ಜಿಲ್ಲೆಗಳ ಭಾರ ನಮಗೇಕೆ ಎನ್ನುವವರಿದ್ದರು.

ಸ್ವಾಮೀಜಿಯವರ ಉತ್ತರವು ಪ್ರಜಾಪ್ರಭುತ್ವದ ಮೂಲದಿಂದ ಹುಟ್ಟಿದ್ದು. ಸಂಸ್ಥಾನವನ್ನು ಒಂದುಗೂಡಿಸಿದ್ದು ರಾಜನ ಖಡ್ಗ, ಜನರ ಇಚ್ಛೆಯಲ್ಲ. ರಾಜನು ಹೋದ ಮೇಲೆ ರಾಜನು ಎಳೆದ ಗೆರೆಯೇಕೆ? ಆಳುವ ಮಾತು ಆಳಿಸಿಕೊಳ್ಳುವವನಿಗೆ ತಿಳಿಯದಿದ್ದರೆ ಅವನು ಮತ ಹಾಕಿಯೂ ಪ್ರಜೆಯಾಗಿಯೇ ಉಳಿಯುತ್ತಾನೆ, ಪ್ರಭುವಾಗುವುದಿಲ್ಲ. ಅವರ ವಿಚಾರದ ತಿರುಳನ್ನು ನಾವು ಹೀಗೆ ಗ್ರಹಿಸಬಹುದು. ರಾಜ್ಯದ ಕಾಂಗ್ರೆಸ್ಸಿನೊಳಗೆ ಬೂರ್ಗುಲ ರಾಮಕೃಷ್ಣರಾವ್ ಅವರದೊಂದು ಬಣ, ಸ್ವಾಮೀಜಿಯವರದೊಂದು ಬಣ. 1952ರಲ್ಲಿ ಮುಖ್ಯಮಂತ್ರಿಯಾದವರು ರಾಮಕೃಷ್ಣರಾವ್ ಅವರು. ಅಧಿಕಾರ ತಮ್ಮ ಕೈಯಲ್ಲಿಲ್ಲದಿದ್ದರೂ, ದೊಡ್ಡವರ ಒಲವು ಬೇರೆಯಾಗಿದ್ದರೂ, ಸ್ವಾಮೀಜಿ ವಿಭಜನೆಯ ಪಕ್ಷವನ್ನು ಬಿಡಲಿಲ್ಲ.

ಕಾಲವೂ ಅವರ ಕಡೆಗೆ ತಿರುಗಿತು. 1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಅವರು ಉಪವಾಸದಿಂದ ಪ್ರಾಣಬಿಟ್ಟರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅದೇ ವರ್ಷದ ಕೊನೆಗೆ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಇವರ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. 1955ರ ಸೆಪ್ಟೆಂಬರ್ 30ರಂದು ವರದಿ ಬಂದಿತು: ಹೈದರಾಬಾದು ರಾಜ್ಯವು ಒಂದಾಗಿ ಉಳಿಯತಕ್ಕದ್ದಲ್ಲ. 1956ರ ನವೆಂಬರ್ 1ರಂದು ಮೂರು ಕನ್ನಡ ಜಿಲ್ಲೆಗಳು ವಿಶಾಲ ಮೈಸೂರನ್ನು ಸೇರಿದವು.

ಸೇರಿದ್ದು ಇಡಿಯಾಗಿ ಅಲ್ಲ. ಕಲಬುರಗಿ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು, ರಾಯಚೂರಿನ ಆಲಂಪುರ ಮತ್ತು ಗದ್ವಾಲ, ಬೀದರದ ನಾರಾಯಣಖೇಡ ಆಂಧ್ರ ಪ್ರದೇಶಕ್ಕೆ ಹೋದವು. ಬೀದರದ ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ ಹೋದವು. ಎಷ್ಟೋ ಬೀಗತನಗಳು ಗಡಿಯ ಆಚೆಗೆ ಬಿದ್ದವು. ಭಾಷೆ ಎಂಬುದು ನೀರಿನಂತೆ ಹರಡುವ ವಸ್ತು. ಅದಕ್ಕೆ ಎಷ್ಟು ಎಚ್ಚರಿಕೆಯಿಂದ ಗೆರೆ ಎಳೆದರೂ ಒಂದಿಷ್ಟು ಆಚೆ ಉಳಿಯುವುದೇ. ಇದನ್ನು ಅರಿತೇ ಅದೇ ವರ್ಷ ಸಂವಿಧಾನಕ್ಕೆ ಏಳನೆಯ ತಿದ್ದುಪಡಿಯ ಮೂಲಕ 350ಎ ಮತ್ತು 350ಬಿ ಅನುಚ್ಛೇದಗಳನ್ನು ಕೂಡಿಸಲಾಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ದೊರಕಿಸಬೇಕೆಂಬುದು ಮೊದಲನೆಯದು. ಅವರ ಹಿತ ನೋಡಲು ವಿಶೇಷಾಧಿಕಾರಿ ಇರಬೇಕೆಂಬುದು ಎರಡನೆಯದು. ತಾಂಡೂರಿನ ಕನ್ನಡದ ಮಗುವಿಗೂ ಮೋಮಿನಪುರದ ಉರ್ದು ಮಗುವಿಗೂ ನ್ಯಾಯ ಒಂದೇ. ನಮ್ಮ ಭಾಷೆಗೆ ನಾವು ಕೇಳಿ ಪಡೆದುದನ್ನು ನೆರೆಮನೆಯವರ ಭಾಷೆಗೆ ಕೊಡದಿದ್ದರೆ, ವಿಭಜನೆಯ ಆ ಹೋರಾಟಕ್ಕೆ ಅರ್ಥವೇ ಉಳಿಯದು.

ಒಂದು ವಿಷಯವನ್ನು ವಾಚಕರು ಗಮನಿಸಬೇಕು. ಈ ಗೆಲುವಿನಿಂದ ಸ್ವಾಮೀಜಿಯವರಿಗೆ ಆದ ಲಾಭವೇನು? ಅವರು ಕಟ್ಟಿ ಬೆಳೆಸಿದ ಹೈದರಾಬಾದು ರಾಜ್ಯದ ಕಾಂಗ್ರೆಸ್ಸಿಗೆ ರಾಜ್ಯವೇ ಇಲ್ಲದಾಯಿತು. ಅವರ ಸಂಗಡಿಗರು ಮೂರು ರಾಜ್ಯಗಳಿಗೆ ಹಂಚಿಹೋದರು. ಅವರನ್ನು ಕಳುಹಿಸಿದ ಕಲಬುರಗಿ ಮೈಸೂರಿನದಾಯಿತು. 1957ರ ಚುನಾವಣೆಯಲ್ಲಿ ಅವರು ಆಗ ಮುಂಬಯಿ ರಾಜ್ಯದಲ್ಲಿದ್ದ ಔರಂಗಾಬಾದಿನಿಂದ ಆಯ್ಕೆಯಾಗಿ 1962ರವರೆಗೆ ಸದಸ್ಯರಾಗಿದ್ದರು. ತಾನು ಕುಳಿತ ಕೊಂಬೆಯನ್ನು ಕಡಿದವನನ್ನು ನಾವು ಮೂರ್ಖನೆನ್ನುತ್ತೇವೆ. ಆ ಕೊಂಬೆಯಿಂದ ಮೂರು ಕಡೆ ಸಸಿ ನೆಡಬೇಕೆಂದು ತಿಳಿದೇ ಕಡಿದವನನ್ನು ಏನೆನ್ನಬೇಕು? 1972ರ ಜನವರಿ 22ರಂದು ಅವರು ಹೈದರಾಬಾದಿನಲ್ಲಿ ತೀರಿಕೊಂಡರು. ಅವರ ಶಿಷ್ಯರಲ್ಲೊಬ್ಬರಾದ ಪಿ. ವಿ. ನರಸಿಂಹರಾವ್ ಅವರು 1991ರಲ್ಲಿ ಪ್ರಧಾನಿಯಾದರು. ನಾಂದೇಡದ ವಿಶ್ವವಿದ್ಯಾಲಯ ಇಂದು ಸ್ವಾಮೀಜಿಯವರ ಹೆಸರನ್ನು ಹೊತ್ತಿದೆ.

ನಮ್ಮ ಕಡೆಗೆ ಆದದ್ದೇನು? 1957ರಲ್ಲಿ ಕಲಬುರಗಿಯಿಂದ ಆಯ್ಕೆಯಾದವರಲ್ಲೊಬ್ಬರು ಮಹಾದೇವಪ್ಪ ರಾಮಪುರೆಯವರು. ಮರುವರ್ಷ ಅವರ ಮುಂದಾಳುತನದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಸ್ಥಾಪನೆಯಾಯಿತು. ಎಂಜಿನಿಯರಿಂಗ್ ಕಾಲೇಜು, ವೈದ್ಯಕೀಯ ಕಾಲೇಜುಗಳು ಬಂದವು. ಮೊದಲನೆಯ ಸದಸ್ಯರು ಗಡಿ ಬದಲಿಸಿದರು. ನಂತರದವರು ಗಡಿಯೊಳಗೆ ಶಾಲೆ ತುಂಬಲು ಹೊರಟರು. ಆದರೂ ಬೆಂಗಳೂರಿನಿಂದ ಹರಿದ ನೀರು ಇಲ್ಲಿಗೆ ಮುಟ್ಟುವಷ್ಟರಲ್ಲಿ ತೆಳುವಾಗುತ್ತಿತ್ತು. 2002ರ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ರಾಜ್ಯದಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. ತೆಲಂಗಾಣವನ್ನೊಳಗೊಂಡ ಆಂಧ್ರಕ್ಕೆ 1970ರ ದಶಕದಲ್ಲಿಯೇ ದೊರೆತ ವಿಶೇಷ ಅನುಚ್ಛೇದದಂಥದು ನಮಗೆ ದೊರೆಯಲು ದೀರ್ಘ ಹೋರಾಟ ಬೇಕಾಯಿತು. 371ಜೆ ಅನುಚ್ಛೇದವನ್ನು ಸಂಸತ್ತು 2012ರ ಡಿಸೆಂಬರಿನಲ್ಲಿ ಒಪ್ಪಿತು. ಆಗ ಕಲಬುರಗಿಯ ಸದಸ್ಯರು ಮಲ್ಲಿಕಾರ್ಜುನ ಖರ್ಗೆಯವರು, ಬೀದರದವರು ಧರ್ಮಸಿಂಗ್ ಅವರು. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಕಲ್ಯಾಣ ಕರ್ನಾಟಕ ಎಂದಾಯಿತು. ಹೆಸರಿನಂತೆ ಕಲ್ಯಾಣವಾಗಬೇಕಾದ ಕೆಲಸ ಉಳಿದಿದೆ.

ಇದನ್ನು ಕಂಡು, ಸೇರಿದ್ದೇ ತಪ್ಪಾಯಿತೆನ್ನುವವರೂ ಉಂಟು. ಅದು ಸರಿಯಾದ ಲೆಕ್ಕವಲ್ಲ. ಹೊಲದ ಬದು ಸರಿಮಾಡಿಕೊಟ್ಟವನೇ ಬಿತ್ತಿ ಬೆಳೆದೂ ಕೊಡಬೇಕೆಂದರೆ ಹೇಗೆ? ಇಂದು ನಮ್ಮ ರೈತನು ತನ್ನ ಪಹಣಿಯನ್ನು ತಾನೇ ಓದಿಕೊಳ್ಳಬಲ್ಲನು. ಅದರಲ್ಲಿ ತಪ್ಪಿದ್ದರೆ ತನ್ನ ಮಾತಿನಲ್ಲಿಯೇ ಕೇಳಬಲ್ಲನು. ಕೇಳುವ ಈ ಶಕ್ತಿಯೇ ಸ್ವಾಮೀಜಿ ನಮಗೆ ಗಳಿಸಿಕೊಟ್ಟ ಗಳಿಕೆ. ಮುಂದಿನ ಸಲ ಮತ ಕೇಳಲು ಬಂದವರನ್ನು, ಏನು ಕಟ್ಟಿಸಿಕೊಡುವಿರಿ ಎಂದು ಕೇಳಿರಿ. ಅದರ ಜೊತೆಗೆ, ಯಾವ ಮಾತಿಗಾಗಿ ನಿಮ್ಮ ಸ್ಥಾನವನ್ನೇ ಬಿಡಬಲ್ಲಿರಿ ಎಂದೂ ಕೇಳಿರಿ.